ತೈಚಿನೋ ಕುಸ್ತಿನೋ? ಎರಡೂ ಮಾಡಿ ಮೈ ನೋವು ಮಾಡ್ಕೊಂಡವನ ಲೆಕ್ಕ

ನಮ್ಮ ಕಾಕಾನ ಮಗ ಮೊನ್ನಿ ಕೇಳ್ದ, ಅಣ್ಣಾ ನೀ ಎರಡೂ ಮಾಡೀದಿ, ನಾ ಯಾವ್ದಕ್ಕ ಹೋಗ್ಲಿ ಅಂತ. ಒಂದು ಚಾ ಕುಡಿಯೋದ್ರಾಗ ಹೇಳಿ ಮುಗಿಯೋ ಮಾತಲ್ಲ ಅದು, ಅದಕ ಬರ್ದೇ ಬಿಡ್ತೀನಿ. ಹೈದರಾಬಾದ್‌ದಾಗ ನೌಕರಿಗಿದ್ದಾಗ ಒಂದೂವರೆ ವರ್ಷ ತೈಚಿ, ಅಂದ್ರ ನಿಧಾನಕ್ಕ ಕೈಕಾಲು ಆಡಿಸೋ ಚೀನಾದ ಯುದ್ಧಕಲೆ, ಕಲ್ತೆ, ಕಲಬುರ್ಗಿಗೆ ವಾಪಸ್ ಬಂದ ಮ್ಯಾಲ ಎಂಟು ತಿಂಗ್ಳ ಕುಸ್ತಿ ಕಲಿಸೋ ತಾಲೀಮಕ್ಕ ಹೋದೆ. ಆಗ ವಯಸ್ಸು 33, ತೂಕ 81 ಕೆಜಿ, ಹೊಟ್ಟಿ ಬಗ್ಗಿ ಕೇಳಬ್ಯಾಡ್ರಿ.

ಕಷ್ಟ ಯಾವ್ದು ಅಂದ್ರ, ಮೊದ್ಲ ವಾರ ನೋಡಿದ್ರ ಕುಸ್ತಿಗೆ ಸಾಟಿನೇ ಇಲ್ಲ. ಕುಸ್ತಿ ಕಲಿಸೋ ವಸ್ತಾದರು ಸನಕಿ ಕೈಗೆ ಕೊಟ್ಟು ಅಖಾಡದ ಮಣ್ಣು ಕಡಿ ಅಂದ್ರು, ಎಣ್ಣಿ ಅರಿಷಿಣ ಮಜ್ಜಿಗಿ ಹಾಕಿ ಹದ ಮಾಡಿದ ಕೆಂಪು ಮಣ್ಣು, ಅದನ್ನ ಕಡಿಯೋದ್ರಾಗೇ ನನ್ನ ಅರ್ಧ ಜೀವ ಹೋತು, ಆಮ್ಯಾಲ ದಂಡ, ಆಮ್ಯಾಲ ಬೈಠಕ್. ಮರುದಿನ ಮುಂಜಾನಿ ತಲಿ ಬಾಚಲಿಕ್ಕ ಕೈ ಮ್ಯಾಲ ಏಳವಲ್ದು, ಪಾಯಖಾನಿಗೆ ಕುಂದ್ರಬೇಕಂದ್ರ ಗ್ವಾಡಿ ಹಿಡ್ಕೊಂಡು ಇಳೀಬೇಕು.

ತೈಚಿ ಹಂಗಲ್ಲ. ಮೊದ್ಲ ತಿಂಗ್ಳು ಇದೇನ್ ನೀರಾಗ ನಡದಂಗ ಅದ, ಮುದುಕ್ರ ಆಟ ಅನ್ಕೊಂಡಿದ್ದೆ. ನಾ ಕಲ್ತದ್ದು ಯಾಂಗ್ ಶೈಲಿಯ 24 ಭಂಗಿದ್ದು, 1956ರಾಗ ಚೀನಾ ಸರ್ಕಾರದವ್ರು ಹಳೇ ಉದ್ದನ ಕ್ರಮ ಮೊಟಕು ಮಾಡಿ ಜನಕ್ಕ ಕೊಟ್ಟಿದ್ದು, ಪೂರಾ ಮಾಡಿದ್ರ ಐದಾರು ನಿಮಿಷ. ಆದ್ರ ಒಂದು ಕಾಲಿನ ಭಾರ ಪೂರಾ ಇನ್ನೊಂದಕ್ಕ ಹೋಗೋತನಕ ಹಿಂದಿನ ಕಾಲು ಎತ್ತಂಗಿಲ್ಲ, ಮೊಣಕಾಲು ಬೆರಳು ದಾಟಂಗಿಲ್ಲ, ಹಂಗ ನಿಧಾನ ಮಾಡಿ ನೋಡ್ರಿ ತೊಡಿ ನಡುಗ್ತಾವ. ಆರು ತಿಂಗ್ಳು ಆದ ಮ್ಯಾಲ ಗುರುಗಳು ಎರಡು ಬೆರಳಿಲೆ ಹೆಗಲು ಒತ್ತಿದ್ರು, ನಾ ಮೂರು ಹೆಜ್ಜಿ ಹಿಂದ ಹೋದೆ! ಕುಸ್ತ್ಯಾಗ ಬೆನ್ನು ಮಣ್ಣಿಗೆ ಹತ್ತಿತು ಅಂದ್ರ ಚಿತ್, ಸೋತಿ, ಗೊತ್ತಾಗ್ತದ. ತೈಚಿದಾಗ ನೀ ಕಲ್ತೀದಿಯೋ ಬರೇ ಕೈ ಆಡಿಸ್ಲಿಕತ್ತೀದಿಯೋ ಅಂತ ಹೇಳವ್ರೇ ಇಲ್ಲ, ನನಗ ಭಾಳ ತ್ರಾಸ ಆಗಿದ್ದು ಅದೇ.

ಇನ್ನ ಹೊಡದಾಟದ ಮಾತು. ತಾಲೀಮದಾಗ ಮೊದಲ್ನೇ ಜೋರು, ಅಂದ್ರ ಅಭ್ಯಾಸದ ಕುಸ್ತಿ, ಹತ್ತನೇತ್ತೆ ಪಾಸಾದ ಹುಡುಗನ ಜೋಡಿ, ತೂಕ ನನಗಿಂತ ಇಪ್ಪತ್ತು ಕೆಜಿ ಕಮ್ಮಿ. ಕುತ್ತಿಗಿ ಮ್ಯಾಲ ಕೈ ಹಾಕಿ ಜಗ್ಗಿದ, ನಾ ತೈಚಿ ಬುದ್ಧಿ ಓಡಿಸಿ ಜಗ್ಗಿದ ಕಡಿಗೇ ಮೈ ಸಡ್ಲ ಬಿಟ್ಟೆ, ಅವ ಸೀದಾ ಬೆನ್ನ ಹಿಂದ ಬಂದು ಸೊಂಟ ಹಿಡದು ಎತ್ತಿ ಒಗದ. ಬಾಯಾಗ ಅರಿಷಿಣದ ರುಚಿ. 2017ರಾಗ ಚೆಂಗ್ಡುದಾಗ ಒಬ್ಬ ಎಂಎಂಎದವ (ಗುದ್ದು, ಒದಿ, ಕುಸ್ತಿ ಎಲ್ಲಾ ಕೂಡಿದ ಹೊಡದಾಟದ ಆಟದವ) ತೈಚಿ ಗುರುನ ಅರ್ಧ ನಿಮಿಷದೊಳಗ ಕೆಡವಿದ ವಿಡಿಯೋ ಅದ, ಎಲ್ರೂ ನೋಡಿ ನಗ್ತಾರ, ನನಗ ನಗು ಬರ್ಲಿಲ್ಲ. ತೈಚಿದಾಗ ಪಟ್ಟು ಇಲ್ಲ ಅಂತಲ್ಲ, ಹೆನಾನ್ ಪ್ರಾಂತ್ಯದ ಚೆನ್ ಮನೆತನದವ್ರ ಮೂಲ ವಿದ್ಯಾದಾಗ ಕೆಡವೋದು, ಕೀಲು ತಿರುವೋದು ಎಲ್ಲಾ ಅದ. ಆದ್ರ ಈಗಿನ ಕ್ಲಾಸ್‌ದಾಗ ಎದುರಿಗೆ ಬಲ ಹಾಕಿ ಜಗ್ಗವ ಯಾರವ್ನ? ಕುಸ್ತ್ಯಾಗ ದಿನಾ ಒಬ್ಬ ಜಗ್ತಾನ, ಫರಕ್ ಇಷ್ಟೇ.

ಒಂದು ಮಾತ್ರ ತೈಚಿದು ಕೆಲಸಕ್ಕ ಬಂತು, ಎರಡನೇ ತಿಂಗ್ಳದಾಗ ಜಗ್ಗಿದ್ರ ಕಾಲು ಕೀಳ್ತಿದ್ದಿಲ್ಲ, ವಸ್ತಾದರು ಈ ಕಾಲು ಎಲ್ಲಿ ಕಲ್ತಿ ಅಂತ ಕೇಳಿದ್ರು. ಹಂಗಂತ ಪೈಲ್ವಾನ ಆದೆ ಅನ್ಕೋಬ್ಯಾಡ್ರಿ, ಜಾತ್ರ್ಯಾಗ ಬೆಳ್ಳಿ ಕಡಗದ ಮಾತು ದೂರ, ಸಣ್ ಹುಡುಗ್ರ ಟೆಂಗಿನಕಾಯಿ ಕುಸ್ತಿಗೆ ಇಳದ್ರೂ ಸೋಲ್ತಿದ್ದೆ.

ಖರೇ ಖರೇ ಬೇಕಾಗಿದ್ದು ಒಂದೇ ಸಲ. ಬಸ್ಸಿನಾಗ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡದಿದ್ದೆ, ಕುಡದವ ಒಬ್ಬ ಅದನ್ನ ತಗದು ಒಗದು, ಕೇಳಿದ್ದಕ್ಕ ಕೆಳಗಿಳದು ಕಾಲರ್ ಹಿಡದ. ಯೋಚನಿ ಮಾಡೋದ್ರಾಗ ನನ್ನ ಕೈ ಅವನ ಮೊಣಕೈ ಮ್ಯಾಲ ಸರಿಸಿತ್ತು, ನಾ ಹಿಂದ ಹೋಗಿ ಸೊಂಟ ಹಿಡದಿದ್ದೆ, ಪೂರಾ ತಾಲೀಮಿನ ರೂಢಿ. ಆದ್ರ ಎತ್ತಲಿಲ್ಲ, ಕೆಳಗ ಸಿಮೆಂಟ್, ತಲಿ ಒಡದಿದ್ರ ಪೊಲೀಸ್ ಠಾಣೆದಾಗ ಕೂಡವ ನಾನೇ. ಅವನ ಕೈಯಾಗ ಬಾಟ್ಲಿ ಇದ್ದಿದ್ರ, ಇಲ್ಲಾ ಜೋಡಿ ಇಬ್ರು ಇದ್ದಿದ್ರ ಕುಸ್ತಿನೂ ಉಪಯೋಗಕ್ಕ ಬರ್ತಿದ್ದಿಲ್ಲ, ಓಡೋದೇ. ಕಂಡಕ್ಟರ್ ಬರೋತನಕ ಹಿಡ್ಕೊಂಡು ನಿಂತೆ. ಅಷ್ಟ್ರಾಗ ಸೀಟ್ ಹೋತು, ಆಳಂದತನಕ ನಿಂತೇ ಹೋದೆ.

ಕುಸ್ತಿ ಪುಕ್ಕಟ್ ಅಂತ ತಿಳೀಬ್ಯಾಡ್ರಿ. ಎಡಗಿವಿ ಇನ್ನೂ ಬಾತೇ ಅದ, ಗಜಕರ್ಣ ಎರಡು ಸಲ ಆತು, ಹಾಲು ಬದಾಮಿ ಖರ್ಚು ಬ್ಯಾರೆ.

ತಮ್ಮಗ ತಾಲೀಮಕ್ಕ ಹೋಗು ಅಂದೀನಿ, 19 ವರ್ಷದವಗ ಅದೇ. ನಮ್ಮ ಅವ್ವಗ ಮಾತ್ರ ತೈಚಿ ಕಲಿಸೀನಿ, ವಯಸ್ಸಾದವ್ರು ಬೀಳೋದು ಅದ್ರಿಂದ ಕಮ್ಮಿ ಆಗ್ತದ. ಅಪ್ಪನ ಕೆರಿ ದಂಡಿಗೆ ಹೋಗೋಣು ಬಾ ಅಂದ್ರ ಮಂದಿ ನಗ್ತಾರ ಅಂತಾಳ, ಮುಂಜಾನಿ ಮಾಳಿಗಿ ಮ್ಯಾಲ ಸೆರಗು ಸೊಂಟಕ್ಕ ಸಿಗಿಸ್ಕೊಂಡು ಮೋಡದಂಗ ಕೈ ಆಡಿಸ್ತಾಳ, ನಡಕ ಕೆಳಗ ಹಾಲಿನವ ಬಂದ್ರ ಅದೇ ಭಂಗಿದಾಗ ನಿಂತು ಕೂಗ್ತಾಳ, ಅರ್ಧ ಲೀಟರ್ ಸಾಕು ಅಂತ.