ಗದ್ದದ ಕೂದಲಿಗೆ ಲೂಮಿಯಾ: ಯಾರಿಗೆ ಹಿಡಿಸುತ್ತೆ, ಯಾರಿಗೆ ಬೇಡ

ಮನೆಯಲ್ಲೇ ಕೂದಲು ತೆಗೆಯುವ ಫಿಲಿಪ್ಸ್ ಲೂಮಿಯಾ ಯಂತ್ರ ಲೇಸರ್ ಅಲ್ಲ, ಐಪಿಎಲ್, ಅಂದರೆ ತೀವ್ರ ಬೆಳಕನ್ನು ಮಿಂಚಿನಂತೆ ಹಾಯಿಸುವಂಥದ್ದು. ಅದರ ಬೆಳಕು ಹುಡುಕುವುದು ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಅನ್ನು. ಹಾಗಾಗಿ ಗದ್ದದ ದಪ್ಪ ಕರಿಕೂದಲು ಸೊರಗುತ್ತದೆ, ನೆರೆತದ್ದಕ್ಕೆ ಏನೂ ಆಗದು. ಕೆನ್ನೆಯ ನವಿರು ರೋಮಕ್ಕಂತೂ ಹಿಡಿಯಲೇಬೇಡಿ. ಗೋಧಿ ಬಣ್ಣದ ಚರ್ಮದ ಕೆಲವರಲ್ಲಿ ಅದು ತಿರುಗುಬಾಣವಾಗಿ ಕೂದಲು ಇನ್ನೂ ದಟ್ಟವಾಗುವುದುಂಟು. ಕಡುಗಪ್ಪು ಚರ್ಮಕ್ಕೆ ಈ ಯಂತ್ರ ಬೇಡ, ಸುಟ್ಟೀತು. ಅವರಿಗೆ ಚರ್ಮವೈದ್ಯರ ಬಳಿಯ 1064 ನ್ಯಾನೋಮೀಟರ್ ಎನ್‌ಡಿ-ಯಾಗ್ ಲೇಸರೇ ಸರಿ.

ಹೆಚ್ಚಿನವರು ಎಡವುವುದು ತಯಾರಿಯಲ್ಲಿ. ಥ್ರೆಡಿಂಗ್, ವ್ಯಾಕ್ಸಿಂಗ್ ಮಾಡಿದರೆ ಬೇರೇ ಕಿತ್ತುಬರುತ್ತದೆ, ಬೆಳಕಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ರೇಜರ್ ಮಾತ್ರ ಬಳಸಿ. ಬೋಳಿಸಿದರೆ ದಪ್ಪ ಬರುತ್ತದೆ ಅನ್ನುವುದು ಅಜ್ಜಿಕಥೆ. ಕತ್ತರಿಸಿದ ತುದಿ ಮೊಂಡಾಗಿ ಚುಚ್ಚುತ್ತದೆ, ಅಷ್ಟೇ. ಮುಖ ತೊಳೆದು ಪೂರ್ತಿ ಒಣಗಿಸಿ. ಚಿಕ್ಕ ಅಟ್ಯಾಚ್‌ಮೆಂಟ್ ಹಾಕಿ, ಬೆಳಕಿನ ತೀವ್ರತೆಯ 5 ಹಂತಗಳಲ್ಲಿ ಕೆಳಗಿನದರಿಂದ ಒಂದೇ ಫ್ಲಾಶ್ ಕೊಟ್ಟು 24 ಗಂಟೆ ನೋಡಿ. ಬೆಳಕು ಹೊರಬರುವ ಕಿಟಕಿ ಚರ್ಮಕ್ಕೆ ಸರಿಯಾಗಿ ಕೂರದಿದ್ದರೆ ಫ್ಲಾಶ್ ಬರುವುದೇ ಇಲ್ಲ. ಮೇಲ್ದುಟಿಯ ಹತ್ತಿರ ಇದೇ ತಲೆನೋವು. ಒಳಗಿಂದ ನಾಲಿಗೆ ಒತ್ತಿ ಉಬ್ಬಿಸಿದರೆ ಕೂರುತ್ತದೆ.

ಕೆನ್ನೆಮೂಳೆಯಿಂದ ಮೇಲೆ, ಮಚ್ಚೆ, ಬಂಗು ಇರುವಲ್ಲಿ ಬೇಡ. ಮೊದಲ 4–5 ಸಲ 2 ವಾರಕ್ಕೊಮ್ಮೆ, ನಂತರ 4 ವಾರಕ್ಕೊಮ್ಮೆ. ಹಗಲು ಸನ್‌ಸ್ಕ್ರೀನ್ ತಪ್ಪಿಸಬಾರದು.

ಪಿಸಿಓಎಸ್ (ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ) ಇದ್ದರೆ ಯಂತ್ರಕ್ಕಿಂತ ಮೊದಲು ವೈದ್ಯರಿಗೆ ಖರ್ಚು ಮಾಡಿ. ಹಾರ್ಮೋನು ಹತೋಟಿಯಲ್ಲಿಲ್ಲದಿದ್ದರೆ ಒಂದು ಕಡೆ ಸುಟ್ಟಷ್ಟೂ ಪಕ್ಕದಲ್ಲಿ ಹೊಸದು ಮೊಳೆಯುತ್ತಲೇ ಇರುತ್ತದೆ.