ಸ್ಕ್ವೂಶ್: ನಡುವಿನ ಗೆರೆ ಎಳೆದು ನೋಡಿದಾಗ

ವೆಬ್‌ಸೈಟಿನ ಚಿತ್ರಗಳನ್ನು ಬೇಕಾದ ಅಳತೆಗೆ, ಬೇಕಾದ ಫಾರ್ಮ್ಯಾಟಿಗೆ ಬದಲಿಸಿಕೊಡುವ ಎಪಿಐ (ಕೋಡ್‌ನಿಂದ ಕರೆದು ಬಳಸುವ ಸೇವೆ) ಒಂದರ ಡೆವಲಪರ್ ಅಡ್ವೊಕೇಟ್ ನಾನು. ಅದನ್ನು ಬಳಸುವುದು ಹೇಗೆಂದು ಡೆವಲಪರ್‌ಗಳಿಗೆ ಹೇಳಿಕೊಡುತ್ತೇನೆ, ಅವರು ಎಲ್ಲಿ ಎಡವುತ್ತಾರೆ ಎನ್ನುವುದನ್ನು ನಮ್ಮ ಎಂಜಿನಿಯರ್‌ಗಳಿಗೆ ಮುಟ್ಟಿಸುತ್ತೇನೆ. ಆದರೂ ತರಬೇತಿಯಲ್ಲಿ ನಾನು ಮೊದಲು ತೆರೆಯುವುದು ಸ್ಕ್ವೂಶ್. ಕುಗ್ಗಿಸಿದಾಗ ಚಿತ್ರ ಏನನ್ನು ಕಳೆದುಕೊಳ್ಳುತ್ತದೆ ಎಂದು ಕಣ್ಣಾರೆ ಕಾಣದವರಿಗೆ ಎಪಿಐ ಪ್ಯಾರಾಮೀಟರ್‌ಗಳನ್ನು ಎಷ್ಟು ವಿವರಿಸಿದರೂ ತಲೆಗೆ ಹೋಗುವುದಿಲ್ಲ.

ಗೂಗಲ್‌ನ ಕ್ರೋಮ್ ತಂಡದವರು 2018ರಲ್ಲಿ ಹೊರತಂದ ಚಿತ್ರ ಕುಗ್ಗಿಸುವ ಉಚಿತ ವೆಬ್ ಆ್ಯಪ್ ಇದು. ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಚಿತ್ರವೊಂದನ್ನು ಎಳೆದು ಹಾಕಿದರೆ ಪರದೆಯ ನಡುವೆ ಉದ್ದಕ್ಕೂ ಒಂದು ಗೆರೆ ಬರುತ್ತದೆ. ಆಚೆ ಮೂಲ ಚಿತ್ರ, ಈಚೆ ಕುಗ್ಗಿಸಿದ್ದು. ಸಿ ಮತ್ತು ರಸ್ಟ್ ಭಾಷೆಗಳಲ್ಲಿ ಬರೆದ ಎನ್‌ಕೋಡರ್‌ಗಳನ್ನು (ಚಿತ್ರ ಕುಗ್ಗಿಸುವ ಪ್ರೋಗ್ರಾಂಗಳನ್ನು) ಬ್ರೌಸರ್ ಓಡಿಸಬಲ್ಲ ವೆಬ್ ಅಸೆಂಬ್ಲಿ ರೂಪಕ್ಕೆ ತಂದಿರುವುದರಿಂದ ಕೆಲಸವೆಲ್ಲ ನಮ್ಮ ಬ್ರೌಸರ್‌ನೊಳಗೇ ನಡೆಯುತ್ತದೆ, ಚಿತ್ರ ಯಾವ ಸರ್ವರ್‌ಗೂ ಹೋಗುವುದಿಲ್ಲ. ಇನ್ನೂ ಬಿಡುಗಡೆಯಾಗದ ಉತ್ಪನ್ನದ ಫೋಟೊ, ಗುರುತಿನ ಚೀಟಿಯ ಸ್ಕ್ಯಾನ್ ಇಂಥವನ್ನು ಸಿಕ್ಕ ಸಿಕ್ಕ ಕನ್ವರ್ಟರ್‌ಗೆ ಅಪ್‌ಲೋಡ್ ಮಾಡುವವರನ್ನು ಕಂಡಾಗ ನನಗೆ ಆತಂಕವಾಗುತ್ತದೆ. ಅವರಿಗೆ ನಾನು ತೋರಿಸುವುದು ಇದನ್ನೇ. ಹೊಸದಾಗಿ ಎನ್‌ಕೋಡ್ ಆದ ಫೈಲ್‌ನಲ್ಲಿ ಫೋಟೊ ತೆಗೆದ ಜಾಗದ ಮಾಹಿತಿಯೂ ಉಳಿದಿರುವುದಿಲ್ಲ. ಛಾಯಾಗ್ರಾಹಕರು ತಮ್ಮ ಹೆಸರು, ಹಕ್ಕಿನ ವಿವರ ಫೈಲ್‌ನೊಳಗೆ ಬರೆದಿಟ್ಟಿದ್ದರೆ ಅದೂ ಹೋಗುತ್ತದೆ ಎನ್ನುವುದು ನೆನಪಿರಲಿ.

ತರಬೇತಿಗೆಂದೇ ಒಂದು ಬ್ಯಾನರ್ ಇಟ್ಟುಕೊಂಡಿದ್ದೇನೆ, ಕಡುನೀಲಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ. ಮೋಜ್‌ಜೆಪೆಗ್ ಎಂಬ ಜೆಪೆಗ್ ಎನ್‌ಕೋಡರ್ ಆರಿಸಿ, ಅದರ ಡಿಫಾಲ್ಟ್ ಗುಣಮಟ್ಟ 75ರಲ್ಲೇ ಬಿಟ್ಟು, ಅಕ್ಷರದ ಮೇಲೆ ಝೂಮ್ ಮಾಡಿ ಗೆರೆಯನ್ನು ನಿಧಾನವಾಗಿ ಎಳೆಯಲು ಹೇಳುತ್ತೇನೆ. ಗೆರೆ ಅಕ್ಷರವನ್ನು ದಾಟುತ್ತಿದ್ದಂತೆ ಅಂಚಿನ ಕೆಂಪು ನೀಲಿಯೊಳಗೆ ಹರಡಿಕೊಳ್ಳುತ್ತದೆ, ಒದ್ದೆ ಕಾಗದದ ಮೇಲೆ ಶಾಯಿ ಬಿದ್ದ ಹಾಗೆ. ಜೆಪೆಗ್‌ನಲ್ಲಿ ಸಾಮಾನ್ಯವಾಗಿ ಬೆಳಕನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಡುತ್ತಾರೆ. ಮರಗಿಡ, ಮುಖಗಳಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಕೆಂಪು ಅಕ್ಷರದಲ್ಲಿ ಎದ್ದು ಕಾಣುತ್ತದೆ. ಇನ್ನು ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ತೆರೆದು, ಬಣ್ಣ ಕಡಿಮೆ ಮಾಡುವ ಸ್ವಯಂಚಾಲಿತ ಆಯ್ಕೆಯ ಟಿಕ್ ತೆಗೆದು, ಅಲ್ಲಿ 1 ಎಂದು ಹಾಕಿದರೆ ಅಂಚು ಮತ್ತೆ ಖಡಕ್ಕಾಗುತ್ತದೆ. ನನ್ನ ಬ್ಯಾನರ್‌ನಲ್ಲಿ ಅದಕ್ಕೆ ತಗಲುವುದು ಹದಿನಾರು ಕೆಬಿ ಹೆಚ್ಚು, ಅಷ್ಟೇ. ವೆಬ್‌ಪಿ ಎಂಬ ಫಾರ್ಮ್ಯಾಟಿನ ನಷ್ಟಸಹಿತ (ಸ್ವಲ್ಪ ವಿವರ ಬಿಟ್ಟು ಕುಗ್ಗಿಸುವ) ಬಗೆಯಲ್ಲಿ ಈ ದಾರಿಯೇ ಇಲ್ಲ, ಅಲ್ಲಿ ಬಣ್ಣ ಯಾವಾಗಲೂ ನಾಲ್ಕಕ್ಕೊಂದು. ಎವಿಐಎಫ್ ಎಂಬ ಫಾರ್ಮ್ಯಾಟಿನಲ್ಲಿ ಪೂರ್ತಿ ಬಣ್ಣ ಉಳಿಸಿಕೊಳ್ಳಬಹುದು. ಸ್ಲೈಡ್ ಹಾಕಿ ಅರ್ಧ ಗಂಟೆ ಹೇಳಿದರೂ ನಾಟದ್ದು ಈ ಒಂದು ಎಳೆತಕ್ಕೆ ನಾಟುತ್ತದೆ.

‘ಕ್ವಾಲಿಟಿ ಎಷ್ಟಕ್ಕಿಡಬೇಕು ಮೇಡಂ?’ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಒಂದೇ ಸಂಖ್ಯೆಯನ್ನು ಎಲ್ಲ ಫಾರ್ಮ್ಯಾಟಿಗೂ ಹಾಕುವುದು ತಪ್ಪು. ಜೆಪೆಗ್‌ನ 75 ಬೇರೆ, ಎವಿಐಎಫ್‌ನ 75 ಬೇರೆ. ಕೋಡ್‌ನಿಂದ ಚಿತ್ರ ಕುಗ್ಗಿಸುವ ಶಾರ್ಪ್ ಲೈಬ್ರರಿಯಲ್ಲಿ ಏನೂ ಹೇಳದೆ ಬಿಟ್ಟರೆ ಜೆಪೆಗ್‌ಗೆ 80, ಎವಿಐಎಫ್‌ಗೆ 50 ಎಂದು ತೆಗೆದುಕೊಳ್ಳುವುದು ಅದಕ್ಕೇ. ಸ್ಕ್ವೂಶ್‌ನ ಎರಡೂ ಬದಿಯಲ್ಲಿ ಎರಡು ಫಾರ್ಮ್ಯಾಟ್ ಇಟ್ಟು, ಕಣ್ಣಿಗೆ ಸಮ ಅನ್ನಿಸುವವರೆಗೆ ಜಾರಿಸಿ, ಆಮೇಲೆ ಕೆಳಗಿನ ಕೆಬಿ ಓದಿ. ಝೂಮ್ ಮಾಡುವುದು ಏನು ಹೋಯಿತೆಂದು ತಿಳಿಯಲು, ತೀರ್ಮಾನ ಮಾಡುವಾಗ ನೂರು ಪರ್ಸೆಂಟಿಗೆ ಮರಳಿ ಬರಬೇಕು.

ರಿಸೈಜ್ ಆಯ್ಕೆಯನ್ನು ಬಹಳ ಜನ ಮುಟ್ಟುವುದೇ ಇಲ್ಲ. ನನಗೆ ಬೇಸರ ತರಿಸುವ ವಿಷಯ ಅದು. ಫೋನಿನಿಂದ ಬಂದ 4032×3024 ಪಿಕ್ಸೆಲ್‌ನ ಫೋಟೊವನ್ನು ಗುಣಮಟ್ಟ ಇಳಿಸಿ ಇನ್ನೂರು ಕೆಬಿಗೆ ತಂದರೂ, ತೋರಿಸಲು ಬ್ರೌಸರ್ ಅದನ್ನು ಬಿಚ್ಚಲೇಬೇಕಲ್ಲ? ಪಿಕ್ಸೆಲ್‌ಗೆ ನಾಲ್ಕು ಬೈಟ್ ಲೆಕ್ಕ ಹಿಡಿದರೆ ಸುಮಾರು 49 ಎಂಬಿ ಮೆಮೊರಿ. ಪುಟದಲ್ಲಿ 400 ಪಿಕ್ಸೆಲ್ ಅಗಲಕ್ಕೆ ಕಾಣುವ ಚಿತ್ರಕ್ಕೆ ಇಷ್ಟು ಬೇಕಿಲ್ಲ. ಅಳತೆ ಮೊದಲು, ಗುಣಮಟ್ಟ ಆಮೇಲೆ.

ಇದರ ದೊಡ್ಡ ಮಿತಿ, ಒಮ್ಮೆಗೆ ಒಂದೇ ಚಿತ್ರ. ಕಮಾಂಡ್ ಲೈನ್ ಆವೃತ್ತಿಯೊಂದಿತ್ತು, ಅದರ ನಿರ್ವಹಣೆ ನಿಂತುಹೋಗಿದೆ. ಸಾವಿರಾರು ಚಿತ್ರಗಳಿದ್ದರೆ ಶಾರ್ಪ್‌ಗೋ ಚಿತ್ರದ ಎಪಿಐಗೋ ಹೋಗಲೇಬೇಕು. ನಾನು ಮಾಡುವುದು ಹೀಗೆ: ಬೇರೆ ಬೇರೆ ಬಗೆಯ ಹತ್ತು ಚಿತ್ರಗಳನ್ನು ಸ್ಕ್ವೂಶ್‌ನಲ್ಲಿ ಪರೀಕ್ಷಿಸಿ, ಬಂದ ತೀರ್ಮಾನವನ್ನು ಕೋಡ್‌ಗೆ ಒಯ್ಯುತ್ತೇನೆ. ಎವಿಐಎಫ್‌ನಲ್ಲಿ ಎಫರ್ಟ್ (ಎಷ್ಟು ಶ್ರಮಪಟ್ಟು ಕುಗ್ಗಿಸಬೇಕು ಎನ್ನುವ ಆಯ್ಕೆ) ಏರಿಸಿದರೆ ದೊಡ್ಡ ಚಿತ್ರಕ್ಕೆ ಬಹಳ ಹೊತ್ತು ಕಾಯಬೇಕು ಎನ್ನುವುದೂ ಗಮನದಲ್ಲಿರಲಿ.

ಚಿತ್ರ ಚೆನ್ನಾಗಿ ಕುಗ್ಗಿದರೆ ಸಾಲದು, ಸರಿಯಾದ ಬ್ರೌಸರ್‌ಗೆ ಸರಿಯಾದ ಫೈಲ್ ಸೇರಬೇಕು. ಅದನ್ನು ಸ್ಕ್ವೂಶ್ ತೋರಿಸಲಾರದು. ಒಮ್ಮೆ ಒಂದು ಸೈಟ್‌ನಲ್ಲಿ ಹಳೆಯ ಫೋನ್‌ಗಳಿಗೆ ಮಾತ್ರ ಚಿತ್ರದ ಜಾಗ ಖಾಲಿ ಬರತೊಡಗಿತು. ಐಫೋನಿನ ಬ್ರೌಸರ್ ಸಫಾರಿಗೆ ಎವಿಐಎಫ್ ಬಂದಿದ್ದೇ 2022ರಲ್ಲಿ, 16ನೇ ಆವೃತ್ತಿಯ ಜೊತೆ. ಬ್ರೌಸರ್ ತನಗೆ ಏನು ಓದಲು ಬರುತ್ತದೆ ಎಂದು ಕೋರಿಕೆಯ ಜೊತೆ ಕಳಿಸುವ ಆ್ಯಕ್ಸೆಪ್ಟ್ ಹೆಡರ್‌ನಲ್ಲಿ ಹೇಳುತ್ತದೆ, ಎಪಿಐ ಅದನ್ನು ನೋಡಿ ಫಾರ್ಮ್ಯಾಟ್ ಆರಿಸುತ್ತದೆ. ನಮ್ಮ ಎಪಿಐ ಸರಿಯಾಗಿಯೇ ಆರಿಸುತ್ತಿತ್ತು. ಆದರೆ ನಡುವಿನ ಕ್ಯಾಶ್ (ಒಮ್ಮೆ ಕೊಟ್ಟ ಫೈಲ್‌ನ ಪ್ರತಿ ಇಟ್ಟುಕೊಂಡು ಹಂಚುವ ವ್ಯವಸ್ಥೆ) ಮೊದಲು ಬಂದ ಹೊಸ ಬ್ರೌಸರ್‌ಗೆ ಕೊಟ್ಟ ಎವಿಐಎಫ್ ಅನ್ನೇ ಇಟ್ಟುಕೊಂಡು ಎಲ್ಲರಿಗೂ ಹಂಚುತ್ತಿತ್ತು. ಉತ್ತರದ ಜೊತೆ ಇರಬೇಕಾಗಿದ್ದ ‘ವೇರಿ: ಆ್ಯಕ್ಸೆಪ್ಟ್’ ಎಂಬ ಒಂದು ಸಾಲು (ಆ್ಯಕ್ಸೆಪ್ಟ್ ನೋಡಿ ಬೇರೆ ಬೇರೆ ಪ್ರತಿ ಇಡು ಎಂದು ಕ್ಯಾಶ್‌ಗೆ ಹೇಳುವುದು) ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಅದನ್ನು ಹುಡುಕಲು ಎರಡು ದಿನ ಹಿಡಿಯಿತು. ಓದುಗರಿಗೆ ಎರಡು ದಿನ ಚಿತ್ರವಿಲ್ಲದ ಪುಟ ಕೊಟ್ಟ ನೋವು ನನಗೆ ಇನ್ನೂ ಇದೆ.

ಅಂದಿನಿಂದ ತರಬೇತಿಯ ಮೊದಲರ್ಧ ಸ್ಕ್ವೂಶ್‌ಗೆ, ಉಳಿದರ್ಧ, ಬರುವ ಪ್ರತಿ ಫೈಲ್‌ನ ವಿವರ ತೋರಿಸುವ, ಬ್ರೌಸರ್ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ಗೆ ಮೀಸಲು. ಬೆಳಿಗ್ಗೆ ತಾವೇ ಕುಗ್ಗಿಸಿದ ಬ್ಯಾನರ್‌ನ್ನು ಮಧ್ಯಾಹ್ನ ಎಪಿಐ ಮೂಲಕ ತರಿಸಿಕೊಂಡು, ಬಂದದ್ದು ಯಾವ ಫಾರ್ಮ್ಯಾಟ್, ಎಷ್ಟು ಕೆಬಿ, ವೇರಿ ಸಾಲು ಇದೆಯೋ ಇಲ್ಲವೋ ಎಂದು ಪ್ರತಿಯೊಬ್ಬರೂ ಓದಿ ಹೇಳುತ್ತಾರೆ.