ವಿಜಯನಗರದ ಜರ್ಮನ್ ಕ್ಲಾಸು: ಮೇಡಮ್ಮಿಗೆ ಐದು ಸ್ಟಾರ್, ಕೌಂಟರ್‌ಗೆ ಒಂದೇ

ಹೆಸರು ಹಾಕಲ್ಲ, ವಿಜಯನಗರದ ಕಡೆ ಜರ್ಮನಿಗೆ ಕೆಲಸಕ್ಕೆ ಹೋಗೋ ನರ್ಸ್‌ಗಳಿಗೆ ಅಂತಾನೇ ನಡೆಸೋ ಕ್ಲಾಸು, ಬೇಕರಿ ಮೇಲೆ. ಐಸಿಯು ನೈಟ್ ಡ್ಯೂಟಿ ಮುಗಿಸ್ಕೊಂಡು ಸೀದಾ ಅಲ್ಲಿಗೇ ಹೋಗ್ತಿದ್ದೆ, ಬಿ1 (ಜರ್ಮನ್ ಭಾಷೆಯ ಮಧ್ಯಮ ಹಂತ) ಮುಗಿಯೋಕೆ ಎಂಟು ತಿಂಗಳು ಹಿಡೀತು.

ಪಾಠ ಮಾತ್ರ ಸೂಪರ್, ಸುಳ್ಳು ಹೇಳ್ಬಾರ್ದು. ಯು ಮೇಲೆ ಎರಡು ಚುಕ್ಕಿ ಇರೋ ಅಕ್ಷರ ನಂಗೆ ನಾಲಿಗೇಲಿ ತಿರುಗ್ತಾನೇ ಇರ್ಲಿಲ್ಲ, ಮೇಡಂ "ಬಾಯಿ ಊ ಥರ ಇಟ್ಕೊಂಡು ಈ ಅನ್ನಿ" ಅಂದ್ರು, ಬಂದ್ಬಿಡ್ತು! 'ವೈಲ್' ಅಂದ್ರೆ ಯಾಕಂದ್ರೆ, ಅದು ಬಂದ್ರೆ ಕ್ರಿಯಾಪದ ಕೊನೇಗೆ ಹೋಗತ್ತೆ ಅಂತ ನಾವೆಲ್ಲ ತಲೆ ಕೆಡಿಸ್ಕೊಂಡು ಕೂತಿದ್ರೆ "ಕನ್ನಡದಲ್ಲಿ ಯಾವಾಗ್ಲೂ ಕೊನೇಲೇ ಅಲ್ವೇನ್ರೀ, ನಿಮಗೇನ್ ಕಷ್ಟ" ಅಂತ ಬೈದ್ರು.

ತಲೆನೋವು ಬಾಗಿಲಲ್ಲೇ ಇರೋ, ಜರ್ಮನೀಲಿ ಕೆಲಸ ಕೊಡಿಸ್ತೀವಿ ಅನ್ನೋ ಪ್ಲೇಸ್‌ಮೆಂಟ್ ಕೌಂಟರ್‌ದು. 3.5 ಲಕ್ಷ 'ಪ್ಯಾಕೇಜ್' ಅಂತೆ, ರಸೀದಿ ಕೇಳಿದ್ರೆ ಕೋಚಿಂಗ್ ಫೀಸ್ ಅಂತ ಬರ್ಕೊಡ್ತಾರಂತೆ. ರಿಜಿಸ್ಟರ್ಡ್ ರಿಕ್ರೂಟಿಂಗ್ ಏಜೆಂಟು 30,000 ಪ್ಲಸ್ ಜಿಎಸ್‌ಟಿಗಿಂತ ಜಾಸ್ತಿ ಸರ್ವಿಸ್ ಚಾರ್ಜ್ ತಗೊಳ್ಳೋ ಹಾಗೇ ಇಲ್ಲ ಕಣ್ರೀ. ಅಂಥ ಏಜೆಂಟ್‌ಗಳ ಪಟ್ಟಿ ಇರೋ ಸರ್ಕಾರದ ಇಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕ್ದೆ, ಇವ್ರ ಹೆಸ್ರೇ ಸಿಗ್ಲಿಲ್ಲ.

ಆಮೇಲೆ ಕೌಂಟರ್‌ನವರು ಚಾನ್ಸೆನ್‌ಕಾರ್ಟೆ (ಜರ್ಮನಿಗೆ ಹೋಗಿ ಕೆಲಸ ಹುಡುಕೋ ವೀಸಾ) ತಗೊಳ್ಳಿ ಮೇಡಂ ಅಂತ ಶುರು ಹಚ್ಕೊಂಡ್ರು. ಅದು 2024ರ ಜೂನ್‌ನಿಂದ ಬಂದಿರೋದು, ಓದು, ಅನುಭವ, ಭಾಷೆ ಎಲ್ಲ ನೋಡಿ ಕೊಡೋದ್ರಲ್ಲಿ ಆರು ಪಾಯಿಂಟ್ ಇದ್ರೆ ಒಂದು ವರ್ಷ ಅಲ್ಲೇ ಇದ್ದು ಕೆಲಸ ಹುಡುಕ್ಬಹುದು, ಆದ್ರೆ ತಿಂಗಳಿಗೆ 1,091 ಯೂರೋ ಲೆಕ್ಕದಲ್ಲಿ (2025ರದ್ದು) ಬ್ಲಾಕ್ಡ್ ಅಕೌಂಟ್‌ನಲ್ಲೋ (ತಿಂಗಳಿಗೆ ಇಷ್ಟೇ ಅಂತ ತೆಗೆಯೋಕೆ ಬಿಡೋ ಖಾತೆ) ಎಲ್ಲೋ ದುಡ್ಡು ತೋರಿಸ್ಬೇಕು. ಅದೆಲ್ಲ ಮಾಡಿ ಹೋದ್ರೂ ನಮ್ ಡಿಗ್ರಿಗೆ ಅನೆರ್ಕೆನ್ನುಂಗ್ (ಅಂದ್ರೆ ಅಲ್ಲಿನ ಮಾನ್ಯತೆ) ಆಗ್ದೇ ನರ್ಸ್ ಅಂತ ಡ್ಯೂಟಿ ಮಾಡೋ ಹಾಗಿಲ್ಲ, ಅದಕ್ಕೆ ಸಾಮಾನ್ಯವಾಗಿ ಬಿ1ರ ಮುಂದಿನ ಹಂತ ಬಿ2 ಬೇಕು. ಇದನ್ನ ಹೇಳಿದ್ದು ಮೇಡಂ, ಕೌಂಟರ್‌ನವನು ಅಲ್ಲ!

ನಂಗೆ ಉರಿಯೋದು ಏನಂದ್ರೆ ಜನ ಸಾಲ್ತಿಲ್ಲ ಅಂತ ಕರೀತಿರೋದು ಜರ್ಮನಿಯವ್ರೇ. 2024ರಲ್ಲಿ ಇಂಡಿಯಾದ ಸ್ಕಿಲ್ಡ್ ವೀಸಾನ ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸ್ತೀವಿ ಅಂದ್ರು. ಪಕ್ಕದ ಬೆಂಚಿನ ಕೇರಳದ ಹುಡುಗಿ ಫ್ರೆಂಡ್ಸು ಕೇರಳ ಸರ್ಕಾರದ ನೋರ್ಕಾ ಸಂಸ್ಥೆಯ ಟ್ರಿಪಲ್ ವಿನ್ ಅನ್ನೋ ನರ್ಸ್ ನೇಮಕ ಯೋಜನೇಲಿ ಹೋಗಿದಾರೆ, ಅಲ್ಲಿ ಭಾಷೆ ಕ್ಲಾಸಿನ ಖರ್ಚೂ ಆಸ್ಪತ್ರೆಯವ್ರದ್ದೇ. ಇಲ್ಲಿ ನಮ್ಮಪ್ಪ ಸೈಟ್ ಪತ್ರ ಅಡ ಇಡೋಕೆ ಹೊರಟಿದ್ರು.

ಬಿ2ಗೂ ಇದೇ ಮೇಡಂ ಹತ್ರಾನೇ ಸೇರಿದೀನಿ, ಬೆಳಗ್ಗೆ 10ರ ಬ್ಯಾಚು. ಬೇಕರಿ ಹಿಂದ್ಗಡೆ ಇನ್ನೊಂದು ಮೆಟ್ಲಿದೆ, ಅಲ್ಲಿಂದ ಹತ್ತಿ, ಕೌಂಟರ್ ಮುಂದೆ ಹೋಗೋದೇ ಬೇಡ.